ನಮ್ಮ ಕಾಕುವಿನ ಕಿಸೆ ಸಿದ್ಧಾಂತ

ಅಮೆರಿಕದ ಫ್ಯಾಷನ್ ಡಿಸೈನರ್‌ಗಳು ಈಗ ಜಗತ್ತನ್ನೇ ಗೆಲ್ಲುತ್ತಿದ್ದಾರೆ ಅಂತ ನೀವು ಅಲ್ಲಿ ಇಲ್ಲಿ ಓದಿರಬಹುದು. ಅವರಲ್ಲೊಬ್ಬಳು ಟೆಕ್ಸಸ್‌ನ ಪ್ಲೇನೋದಲ್ಲಿದ್ದಾಳೆ. ಮೂಲ ಹುಬ್ಬಳ್ಳಿ. ನನ್ನ ಸ್ವಂತ ಕಾಕು, ಅಂದರೆ ಅಪ್ಪನ ತಮ್ಮನ ಹೆಂಡತಿ. ಪ್ಯಾರಿಸ್‌ನವರಿಗೆ ಈ ವಿಷಯ ಇನ್ನೂ ತಿಳಿದಿಲ್ಲ. ತಿಳಿದ ದಿನ ಅವರು ಅಂಗಡಿ ಬಾಗಿಲು ಹಾಕುತ್ತಾರೆ ಎನ್ನುವುದರಲ್ಲಿ ಕಾಕುವಿಗಂತೂ ಯಾವ ಅನುಮಾನವೂ ಇಲ್ಲ.

ಕಾಕುವಿನ ಹೆಸರನ್ನು ನಾನು ಹೇಳುವುದಿಲ್ಲ. ಹೇಳಿದರೆ "ಬರೇ ಹೆಸರು ಬರದೀಯಲ್ಲ, ಲೋಗೋ ಎಲ್ಲೆ?" ಅಂತ ಜಗಳಕ್ಕೆ ಬರುತ್ತಾಳೆ.

ನನ್ನ ವಿಷಯವನ್ನೂ ಸ್ವಲ್ಪ ಹೇಳಿಬಿಡುತ್ತೇನೆ. ನಾನು ಬೆಂಗಳೂರಿನಲ್ಲಿ ಬೆಳೆದವಳು, ಆಸ್ಟಿನ್‌ನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತೇನೆ. ಬಾಡಿಗೆ ಕಡಿಮೆ ಅಂತ ಉತ್ತರಕ್ಕಿರುವ ಜಾರ್ಜ್‌ಟೌನ್‌ನಲ್ಲಿ ಮನೆ ಮಾಡಿದ್ದೇನೆ. ಫ್ಯಾಷನ್ನನ್ನು ನಾನು ಯಾವ ಕಾಲೇಜಿನಲ್ಲೂ ಕಲಿತಿಲ್ಲ. ಆಫೀಸಿನ ಮೀಟಿಂಗ್‌ಗಳಲ್ಲಿ ಮೈಕು ಮ್ಯೂಟ್ ಮಾಡಿಕೊಂಡು, ಪಕ್ಕದ ಪರದೆಯಲ್ಲಿ ಫ್ಯಾಷನ್ ಷೋಗಳನ್ನು ನೋಡಿ ನೋಡಿ ಪಂಡಿತೆಯಾದವಳು. ಒಂದು ಬ್ಲಾಗನ್ನೂ ಬರೆಯುತ್ತೇನೆ. ಅದನ್ನು ತಪ್ಪದೆ ಓದುವವಳು ನನ್ನ ಅಮ್ಮ ಒಬ್ಬಳೇ. ಅವಳು ಓದುವುದೂ ಮಗಳು ಊಟ ಮಾಡಿದ್ದಾಳೋ ಇಲ್ಲವೋ ಅಂತ ಎಲ್ಲಾದರೂ ಬರೆದಿದೆಯೇ ಎಂದು ಹುಡುಕುವುದಕ್ಕೆ.

ಇಂಥ ಪಂಡಿತೆಗೂ ಇಂಥ ಕಾಕುವಿಗೂ ಗಂಟು ಬಿದ್ದರೆ ಏನಾಗಬಹುದು, ನೀವೇ ಹೇಳಿ.

ಕಾಕು ಅಮೆರಿಕನ್ ಡಿಸೈನರ್ ಆದದ್ದು ಇಲ್ಲಿನ ಪೌರತ್ವ ಸಿಕ್ಕ ದಿನ. ಕಾಕಾ ತೀರಿಕೊಂಡ ಮರುವರ್ಷ ಡಾಲಸ್‌ನಲ್ಲಿ ಪ್ರಮಾಣವಚನಕ್ಕೆ ಕರೆ ಬಂತು. ಕಾರು ಹೊಡೆದುಕೊಂಡು ನಾನು ಜೊತೆಗೆ ಹೋದೆ. ಕಾಕು ಇಳಕಲ್ ಸೀರೆ ಉಟ್ಟು ಘನವಾಗಿ ಹೊರಟಿದ್ದಳು. ಒಳಗಿನ ಲಂಗಕ್ಕೆ ಸುತ್ತಲೂ ಕಿಸೆಗಳನ್ನು ಹಚ್ಚಿಕೊಂಡಿದ್ದಾಳೆಂದು ನನಗೆ ಗೊತ್ತಾದದ್ದು ಸೆಕ್ಯುರಿಟಿಯ ಯಂತ್ರ ಕಿರುಚಿದಾಗಲೇ. ಕಾವಲಿಗೆ ನಿಂತಿದ್ದ ಹೆಂಗಸು ಒಂದು ತಟ್ಟೆ ಕೊಟ್ಟು ಇದ್ದದ್ದನ್ನೆಲ್ಲ ಇದರಲ್ಲಿಡಿ ಅಂದಳು. ಕಾಕು ನೆರಿಗೆಯ ಸಂದಿಯಲ್ಲಿ ಕೈ ಹಾಕಿ ಒಂದೊಂದೇ ಹೊರಗೆ ತೆಗೆದಳು. ಅಳತೆ ಟೇಪು. ಅಡಿಕೆ ಡಬ್ಬಿ. ಸೂಜಿ ಚುಚ್ಚಿದ ದಾರದ ಉಂಡೆ. ಓದುವ ಕನ್ನಡಕ. ದೂರ ನೋಡುವ ಕನ್ನಡಕ. ಕಾಗದದಲ್ಲಿ ಸುತ್ತಿದ ಚಕ್ಕುಲಿ. ಕಾಕಾನ ನಿಂತುಹೋದ ಕೈಗಡಿಯಾರ. ತಟ್ಟೆ ತುಂಬಿತು, ಎರಡನೆಯದು ಬಂತು, ಹಿಂದಿನ ಸಾಲು ಬೆಳೆಯಿತು.

"ಅಮ್ಮಾ," ಅಂದಳು ಆ ಹೆಂಗಸು ಇಂಗ್ಲಿಷಿನಲ್ಲಿ, "ನೀವು ಈ ದೇಶಕ್ಕೆ ಸೇರೋಕೆ ಬಂದಿದ್ದೀರೋ, ಇಲ್ಲಿಗೇ ಮನೆ ಶಿಫ್ಟ್ ಮಾಡ್ತಿದ್ದೀರೋ?"

ಪ್ರಮಾಣ ಮುಗಿಸಿ ಹೊರಗೆ ಬಂದ ಮೇಲೆ ಕಾಕು ಸೀರೆ ಸರಿಮಾಡಿಕೊಂಡು ಹೇಳಿದಳು. "ನೋಡವಾ, ನಿನ್ನೆ ತನಕಾ ನಾ ಬರೇ ಡಿಸೈನರ್ ಇದ್ದೆ. ಇವತ್ತಿನಿಂದ ಅಮೆರಿಕನ್ ಡಿಸೈನರ್. ಸರ್ಕಾರದವರು ಕೈ ಎತ್ತಿಸಿ ಹೇಳಿಸ್ಯಾರ."

ಸರ್ಕಾರದವರು ಅದನ್ನಲ್ಲ ಹೇಳಿಸಿದ್ದು ಅಂತ ವಾದಿಸುವ ಧೈರ್ಯ ನನಗಿರಲಿಲ್ಲ. ಬದಲಿಗೆ ದಾರಿಯುದ್ದಕ್ಕೂ ನನಗೆ ಗೊತ್ತಿದ್ದ ಚರಿತ್ರೆಯನ್ನೆಲ್ಲ ಒದರಿದೆ. ಹಿಂದೆಲ್ಲ ಅಮೆರಿಕನ್ನರು ಪ್ಯಾರಿಸ್‌ನ ಬಟ್ಟೆಗಳನ್ನು ನಕಲು ಮಾಡಿಕೊಂಡು ಬದುಕುತ್ತಿದ್ದರು. ಮಹಾಯುದ್ಧದಲ್ಲಿ ಪ್ಯಾರಿಸ್‌ನ ಸಂಪರ್ಕ ಕಡಿದುಹೋದಾಗ ತಾವೇ ಕತ್ತರಿ ಹಿಡಿದು, ಮನೆಗೆಲಸ ಮಾಡುವವರಿಗೆ, ಆಫೀಸಿಗೆ ಓಡುವವರಿಗೆ ಸಲೀಸಾದ ಬಟ್ಟೆ ಹೊಲಿದರು. ಮುಂದೊಮ್ಮೆ ಫ್ರಾನ್ಸಿನ ಅರಮನೆಯಲ್ಲೇ ಫ್ರೆಂಚರ ಎದುರು ಷೋ ಮಾಡಿ ಗೆದ್ದರು. ಅಲ್ಲಿಗೆಂದು ಮಾಡಿಸಿದ್ದ ಹಿನ್ನೆಲೆಯ ಪರದೆ, ಅಡಿ-ಮೀಟರುಗಳ ಗೊಂದಲದಲ್ಲಿ ಗಿಡ್ಡವಾಗಿ, ಬರಿಯ ವೇದಿಕೆಯ ಮೇಲೇ ಗೆದ್ದರಂತೆ. ಈಗ ನೋಡಿದರೆ ಪ್ಯಾರಿಸ್‌ನ ಹಳೆಯ ಹಳೆಯ ಫ್ಯಾಷನ್ ಮನೆತನಗಳೇ ಅಮೆರಿಕದ ಹುಡುಗರನ್ನು ಕರೆದು ಮುಖ್ಯ ಡಿಸೈನರ್ ಮಾಡಿಕೊಳ್ಳುತ್ತಿವೆ!

ಕಾಕು ಎಲ್ಲವನ್ನೂ ಕೇಳಿ ಒಂದೇ ಮಾತು ಅಂದಳು. "ಪರದೆ ಗಿಡ್ಡಾದ್ರ ಒಂದು ಅಂಚು ಹಚ್ಚಬೇಕಿತ್ತು."

"ಅಷ್ಟೇನಾ ಕಾಕು? ಇಷ್ಟೆಲ್ಲ ಹೇಳಿದೆನಲ್ಲ, ಅವರು ಯಾಕೆ ಗೆದ್ದರು ಹೇಳು."

"ಕಿಸೆ. ಪ್ಯಾರಿಸ್‌ನವರು ನಿಂದರೋರಿಗೆ ಹೊಲೀತಾರ. ಅಮೆರಿಕದವರು ಓಡ್ಯಾಡೋರಿಗೆ ಹೊಲೀತಾರ. ಓಡ್ಯಾಡೋರಿಗೆ ಏನು ಬೇಕು? ಕಿಸೆ. ಮುಗೀತ, ಇನ್ನ ಬ್ಲಾಗ್ ಬಂದ್ ಮಾಡು."

ಇದೇ ಕಾಕುವಿನ ಕಿಸೆ ಸಿದ್ಧಾಂತ. ಇದರ ಪರೀಕ್ಷೆಗೆ ಒಮ್ಮೆ ನಾವು ಡಾಲಸ್‌ನ ಒಂದು ಭಾರೀ ಅಂಗಡಿಗೆ ಹೋದೆವು. ಬಟ್ಟೆಗಳ ಮೇಲೆ ಬೆಲೆ ಬರೆದಿರದ, ಕೇಳಿದರೆ ನಮಗೇ ಅವಮಾನವಾಗುವ ಥರದ ಅಂಗಡಿ. ಹೆಸರಾಂತ ಅಮೆರಿಕನ್ ಡಿಸೈನರ್ ಒಬ್ಬನ ಜಾಕೆಟ್ ಅಲ್ಲಿ ಗಾಜಿನ ಪಕ್ಕ ನಿಂತಿತ್ತು. ನಾನು ಭಕ್ತಿಯಿಂದ ನೋಡುತ್ತ ನಿಂತೆ. ಕಾಕು ನೇರ ಹೋಗಿ ಅದರ ಕಿಸೆಗೆ ಕೈ ಹಾಕಿದಳು. ಕೈ ಹೋಗಲಿಲ್ಲ. ಕಿಸೆಯ ಬಾಯಿ ಮಾತ್ರ ಇತ್ತು, ಒಳಗೆ ಹೊಟ್ಟೆಯೇ ಇರಲಿಲ್ಲ. ಕಾಕು ಮಾರಾಟದ ಹುಡುಗಿಯನ್ನು ಕರೆದಳು.

"ಮೇಡಂ, ದಿಸ್ ಇಸ್ ನಾಟ್ ಪಾಕೆಟ್. ದಿಸ್ ಇಸ್ ಫೋಟೋ ಆಫ್ ಪಾಕೆಟ್."

ಆ ಹುಡುಗಿ ಬಹಳ ವಿನಯದಿಂದ, ಕಿಸೆ ಇದ್ದರೆ ಜಾಕೆಟ್ಟಿನ ಆಕಾರ ಕೆಡುತ್ತದೆ ಅಂತ ವಿವರಿಸಿದಳು. ಕಾಕು ಅಷ್ಟೇ ವಿನಯದಿಂದ ತನ್ನ ಸೀರೆಯಿಂದ ಚಕ್ಕುಲಿ ತೆಗೆದು ಅವಳಿಗೊಂದು ಕೊಟ್ಟಳು. ಆಕಾರ ಕೆಟ್ಟಿರಲಿಲ್ಲ. ಹುಡುಗಿ ಚಕ್ಕುಲಿ ಹಿಡಿದು ನಿಂತಳು. ಇಡುವುದಕ್ಕೆ ಅವಳಿಗೂ ಕಿಸೆ ಇರಲಿಲ್ಲ!

ಸಿದ್ಧಾಂತವೇನೋ ಸಿಕ್ಕಿತು, ಬಟ್ಟೆಗೇನು ಮಾಡುವುದು? ಅದಕ್ಕೆ ಕಾಕುವಿನ ಬಳಿ ಇನ್ನೂ ದೊಡ್ಡ ಉಪಾಯವಿತ್ತು. ನಮ್ಮ ಕಡೆ ಉಡಿ ತುಂಬುವುದು ಅಂತ ಒಂದು ಪದ್ಧತಿ. ಬೆಂಗಳೂರಿನ ಕಡೆ ಮಡಿಲು ತುಂಬುವುದು ಅನ್ನುತ್ತಾರಲ್ಲ, ಅದೇ. ಮನೆಗೆ ಬಂದ ಮುತ್ತೈದೆ ಸೆರಗು ಚಾಚಿ ನಿಂತರೆ ಅದರಲ್ಲಿ ಅಕ್ಕಿ, ಕಾಯಿ, ಅರಿಷಿಣದ ಬೇರು, ಜೊತೆಗೊಂದು ಖಣ ಹಾಕಿ ಕಳಿಸುತ್ತಾರೆ. ಖಣವೆಂದರೆ ಅಂಚಿರುವ ಕುಪ್ಪಸದ ಬಟ್ಟೆ. ಟೆಕ್ಸಸ್‌ನಲ್ಲಿ ಕುಪ್ಪಸ ಹೊಲಿಸುವವರು ಯಾರು? ಆದ್ದರಿಂದ ಇಲ್ಲಿನ ಖಣಗಳು ಒಂದು ಮನೆಯಿಂದ ಇನ್ನೊಂದು ಮನೆಗೆ ಸುತ್ತುತ್ತಲೇ ಇರುತ್ತವೆ. ಇರ್ವಿಂಗ್‌ನಲ್ಲಿ ಕೊಟ್ಟದ್ದು ಪ್ಲೇನೋಗೆ ಬಂದು, ಪ್ಲೇನೋದಿಂದ ಹೂಸ್ಟನ್‌ಗೆ ಹೋಗಿ, ಗೌರಿ ಹಬ್ಬಕ್ಕೆ ಮತ್ತೆ ಇರ್ವಿಂಗ್‌ಗೇ ಹಾಜರು. ಅಂಚಿನಲ್ಲಿ ಅರಿಷಿಣದ ಕಲೆಯಿದ್ದ ಒಂದು ಹಸಿರು ಖಣವನ್ನು ಮಾತ್ರ ಎಲ್ಲರೂ ಗುರುತು ಹಿಡಿಯುತ್ತಿದ್ದರು. ಅದು ಟೆಕ್ಸಸ್ಸನ್ನು ನನಗಿಂತ ಹೆಚ್ಚು ನೋಡಿತ್ತು.

"ಅದಕ್ಕ ಗ್ರೀನ್ ಕಾರ್ಡ್ ಕೊಡಬೇಕವಾ," ಅನ್ನುತ್ತಿದ್ದಳು ಕಾಕು.

ಈ ತಿರುಗಾಟವನ್ನು ಕಾಕು ನಿಲ್ಲಿಸಿದಳು. ಯಾರ ಮನೆಯಲ್ಲಿ ಪೂಜೆಯಿದ್ದರೂ, ದೇವರ ಮುಂದೆ ಉಡಿ ತುಂಬುವ ಹೊತ್ತಿಗೆ ಸರಿಯಾಗಿ ಕಾಕು ಅಡುಗೆಮನೆಗೆ ಎದ್ದು ಹೋಗುತ್ತಿದ್ದಳು. ಅಲ್ಲಿ ಹಿಂಬಾಗಿಲ ಹತ್ತಿರ ಕಸದ ದೊಡ್ಡ ಕಪ್ಪು ಚೀಲವೊಂದನ್ನು ಬಿಡಿಸಿ ಹಿಡಿದು ನಿಂತಿರುತ್ತಿದ್ದಳು. ಉಡಿ ತುಂಬಿಸಿಕೊಂಡವರು ಒಬ್ಬೊಬ್ಬರಾಗಿ ಒಳಗೆ ಬಂದು, "ತೊಗೋರಿ ಕಾಕು, ಇದೂ ನಿಮಗ ಇರಲಿ," ಅಂತ ಖಣವನ್ನು ಚೀಲಕ್ಕೆ ಹಾಕಿ ಹಗುರಾಗಿ ಹೋಗುತ್ತಿದ್ದರು. ನನಗೆ ನಗು ತಡೆಯಲಾಗುತ್ತಿರಲಿಲ್ಲ. ಯಾವ ದೊಡ್ಡ ಡಿಸೈನರ್‌ಗೆ ಇಷ್ಟು ಸುಲಭವಾಗಿ ಕಚ್ಚಾ ಮಾಲು ಸಿಕ್ಕೀತು ಹೇಳಿ!

ಆ ಖಣಗಳಿಂದ ಹುಟ್ಟಿದ್ದೇ ಉಡಿ ಜಾಕೆಟ್. ಮೇಲೆ ಜೀನ್ಸ್ ಬಟ್ಟೆ, ತೋಳಿಗೆ ಖಣ, ಮುಂದೆ ಹೊಟ್ಟೆಯ ಮೇಲೆ ಅಡ್ಡಲಾಗಿ ಒಂದು ದೊಡ್ಡ ಕಿಸೆ, ಅದಕ್ಕೆ ಖಣದ ಕೆಂಪಂಚು. ಕಾಂಗರೂ ಕಂಡರೆ ತನ್ನ ಅಕ್ಕ ಅಂತ ತಬ್ಬಿಕೊಳ್ಳಬೇಕು, ಹಾಗಿತ್ತು. ತಮಾಷೆ ಬಿಡಿ, ನಿಜವಾಗಿ ಚೆನ್ನಾಗಿತ್ತು. ಕಾಕು ತನಗೂ ಒಂದು ಹೊಲಿದುಕೊಂಡು ಅದನ್ನೇ ಹಾಕಿಕೊಂಡು ಓಡಾಡುತ್ತಿದ್ದಳು. ಅದರ ಪಕ್ಕದ ಕಿಸೆಗಳಲ್ಲಿ, ಒಳಗಿಸೆಗಳಲ್ಲಿ ಇಡೀ ಸಂಸಾರವಿರುತ್ತಿತ್ತು. ಮುಂದಿನ ಆ ದೊಡ್ಡ ಕಿಸೆ ಮಾತ್ರ ಯಾವಾಗಲೂ ಖಾಲಿ.

"ಇದೊಂದನ್ನ ಯಾಕೆ ಖಾಲಿ ಬಿಟ್ಟಿದ್ದೀಯ ಕಾಕು?" ಅಂತ ಒಮ್ಮೆ ಕೇಳಿದೆ.

"ಉಡಿ ನಮ್ಮದು ನಾವ ತುಂಬ್ಕೊಳ್ಳೋದಲ್ಲವಾ. ಯಾರರ ತುಂಬಬೇಕು."

ಇದೊಂದು ವಿನ್ಯಾಸದ ತತ್ವ ಅಂದುಕೊಂಡು ನಾನು ಬ್ಲಾಗಿನಲ್ಲಿ 'ಖಾಲಿತನದ ಸೌಂದರ್ಯ' ಅಂತ ದೊಡ್ಡ ಲೇಖನವನ್ನೇ ಬರೆದೆ. ಅಮ್ಮ ಓದಿ, ಹೊಟ್ಟೆ ಖಾಲಿ ಬಿಡಬೇಡ ಅಂತ ಮೆಸೇಜ್ ಮಾಡಿದಳು.

ನೆಂಟರು, ಕನ್ನಡ ಕೂಟದ ಆಂಟಿಯರು, ಎಲ್ಲರೂ ಉಡಿ ಜಾಕೆಟ್ ತೆಗೆದುಕೊಂಡರು, ಹೊಗಳಿದರು. ಕಾಕುವಿಗೆ ಸಮಾಧಾನವಿಲ್ಲ.

"ಇವರೆಲ್ಲ ನನ್ನ ಮುಂದ ಹಾಕ್ಕೋತಾರ, ಕಾರಿನ್ಯಾಗ ಹೋಗಿ ತೆಗೀತಾರ. ನಂಗೇನು ಕಣ್ಣಿಲ್ಲೇನು? ದಾಕ್ಷಿಣ್ಯಕ್ಕ ಹಾಕ್ಕೊಂಡಿದ್ದು ಬಟ್ಟಿ ಅಲ್ಲ, ಮದುವ್ಯಾಗ ಕೊಡೋ ಆಹೇರಿ. ನನ್ನ ಗುರುತಿಲ್ಲದಾಕಿ, ನಮ್ಮ ಮಂದಿ ಅಲ್ಲದಾಕಿ, ತಾನಾಗೇ ಮನಸ್ಸು ಮಾಡಿ ಒಂದು ಜಾಕೆಟ್ ಹಾಕ್ಕೋಬೇಕು. ಒಬ್ಬಾಕಿ ಸಾಕು. ಅವತ್ತು ನಾ ಡಿಸೈನರ್ ಹೌದು. ಇಲ್ಲಾಂದ್ರ ಮಷೀನ್ ಮಾರಿ ಸುಮ್ಮನ ಕೂಡ್ತೀನಿ."

ಸುಮ್ಮನೆ ಕೂರುವ ಕಾಕುವನ್ನು ಊಹಿಸಿಕೊಳ್ಳಲು ನನಗೆ ಆಗಲಿಲ್ಲ. ಕಾಕಾ ಹೋದ ಮೇಲೆ ಆ ಮನೆಯಲ್ಲಿ ಶಬ್ದ ಮಾಡುತ್ತಿದ್ದದ್ದು ಆ ಮಷೀನ್ ಒಂದೇ.

ಹೀಗಾಗಿ ನನ್ನ ಪಾಂಡಿತ್ಯವನ್ನೆಲ್ಲ ಬಳಸಿ, ಹೊಸ ಡಿಸೈನರ್‌ಗಳ ಬಟ್ಟೆ ಇಟ್ಟು ಮಾರಿಕೊಡುವ ಹೂಸ್ಟನ್‌ನ ಒಂದು ಪುಟ್ಟ ಅಂಗಡಿಯನ್ನು ಒಪ್ಪಿಸಿದೆ. ಜಾಕೆಟ್‌ಗಳನ್ನು ಹೇರಿಕೊಂಡು ಪ್ಲೇನೋದಿಂದ ಹೊರಟೆವು. ಊರು ದಾಟುವ ಮೊದಲೇ ಗೊತ್ತಾಯಿತು, ಕಾಕು ಹಿಂದಿನ ಸೀಟಿನಲ್ಲಿ ತೆಂಗಿನಕಾಯಿಗಳ ಮೂಟೆಯನ್ನೂ ಇಟ್ಟಿದ್ದಳು. ಒಂದೊಂದು ಜಾಕೆಟ್ಟಿನ ಕಿಸೆಗೆ ಒಂದೊಂದು ಕಾಯಿ!

"ಕಾಕು, ಇಲ್ಲಿನವರು ಬಟ್ಟೆ ಜೊತೆ ತೆಂಗಿನಕಾಯಿ ಕೊಂಡ್ಕೊಳ್ಳಲ್ಲ."

"ಕೊಂಡ್ಕೋ ಅಂತ ಯಾರಂದ್ರು? ಬಿಟ್ಟಿ ಕೊಡ್ತೀನಿ."

"ಬಟ್ಟೆ ಜೋತು ಬೀಳತ್ತೆ. ಅಂಗಡಿಯವರು ಗಾಬರಿಯಾಗ್ತಾರೆ. ಹಾಗೇ ಖಾಲಿ ಕೊಡೋಣ."

"ಹೆಣ್ಣುಮಕ್ಕಳಿಗೆ ಬರೇ ಉಡಿ ಕೊಟ್ಟು ಕಳಸ್ಲೇನು? ಏನು ಹುಡುಗಿ ಇದ್ದೀಯವಾ ನೀ."

ಹೂಸ್ಟನ್ ಬರುವವರೆಗೆ ವಾದ ಮಾಡಿ ಕಾಯಿಯನ್ನು ಬಿಡಿಸಿದೆ. ಗೆದ್ದೆ ಅಂದುಕೊಂಡೆ. ಗೆದ್ದದ್ದು ಯಾರೆಂದು ಕೆಲವು ವಾರಗಳ ನಂತರ ಅಂಗಡಿಯವಳ ಫೋನ್ ಬಂದಾಗ ತಿಳಿಯಿತು. ಜಾಕೆಟ್ ಹಾಕಿ ನೋಡಿದ ಗಿರಾಕಿಗಳು ಕಿಸೆಗೆ ಕೈ ಬಿಟ್ಟರೆ ಒಳಗೆ ಅಕ್ಕಿ, ಜೊತೆಗೆ ಬೆರಳಿನಂಥದೊಂದು ಹಳದಿ ಬೇರು. ಒಬ್ಬಳು ಹುಳವೆಂದು ಕಿರುಚಿದಳಂತೆ. ಇನ್ನೊಬ್ಬಳು, ಫೋನು ನೀರಿಗೆ ಬಿದ್ದರೆ ಅಕ್ಕಿಯಲ್ಲಿಡುತ್ತಾರಲ್ಲ, ಹಾಗೆ ಈ ಬಟ್ಟೆಯೂ ಒಮ್ಮೆ ನೀರಿಗೆ ಬಿದ್ದದ್ದಿರಬೇಕು ಅಂತ ಬಿಟ್ಟು ಹೋದಳಂತೆ. ಅಂಗಡಿಯವಳಿಗೆ ನಮ್ಮ ಮೇಲೆ ಸಿಟ್ಟಿರಲಿಲ್ಲ, ಆದರೆ ಮಾಲು ವಾಪಸ್ ಒಯ್ಯಿರಿ ಅಂದಳು.

ಮತ್ತೆ ಹೂಸ್ಟನ್. ಕಾಕು ಒಂದೊಂದಾಗಿ ಜಾಕೆಟ್‌ಗಳನ್ನು ಮಡಚಿದಳು. ಮಷೀನ್ ಮಾರುವ ಲೆಕ್ಕ ಅವಳ ಮುಖದ ಮೇಲೆ ನನಗೆ ಕಾಣುತ್ತಿತ್ತು. ಮಡಚಿ ಮುಗಿಸಿದವಳು ತಲೆ ಎತ್ತಿದಳು.

"ಹಸಿರು ಖಣದ್ದು ಎಲ್ಲೆ?"

ಅರಿಷಿಣದ ಕಲೆಯ ಆ ಊರೂರು ಸುತ್ತಿದ ಖಣದಿಂದ ಹೊಲಿದ ಜಾಕೆಟ್ ಇರಲಿಲ್ಲ. ಅಂಗಡಿಯವಳು ನೆನಪಿಸಿಕೊಂಡಳು. ಹೌದು, ಅದೊಂದು ಮಾರಾಟವಾಯಿತು. ಮಗಳನ್ನು ನೋಡಲು ಹೂಸ್ಟನ್‌ಗೆ ಬಂದಿದ್ದ ಒಬ್ಬ ಅಮೆರಿಕನ್ ಅಜ್ಜಿ ತೆಗೆದುಕೊಂಡು ಹೋದಳು. ಆಸ್ಟಿನ್ ಆಚೆ, ಜಾರ್ಜ್‌ಟೌನ್ ಕಡೆಯವಳು ಅಂದಿದ್ದ ನೆನಪು.

ಅವತ್ತಿನಿಂದ ಕಾಕುವಿಗೆ ನನ್ನ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. "ಹುಡುಗಿ ಒಬ್ಬಾಕೀ ಇರ್ತಾಳ, ಪಾಪ," ಅಂತ ಶನಿವಾರವಾದರೆ ಸಾಕು, ಪ್ಲೇನೋದಿಂದ ಕಾರು ಹೊಡೆದುಕೊಂಡು ಜಾರ್ಜ್‌ಟೌನ್‌ಗೆ ಹಾಜರ್. ಬಂದವಳು ನನ್ನ ಮುಖ ನೋಡುತ್ತಿದ್ದಳೇ? ಕಿಟಕಿಯಿಂದ ಬೀದಿ ನೋಡುತ್ತಿದ್ದಳು. ದಿನಸಿ ಅಂಗಡಿ, ಪೆಟ್ರೋಲ್ ಬಂಕು, ಚರ್ಚಿನ ಬಾಗಿಲು, ಅಜ್ಜಿಯರು ಸೇರುವ ಎಲ್ಲ ಜಾಗಗಳಿಗೂ ನನ್ನನ್ನು ಎಳೆದುಕೊಂಡು ಹೋದಳು. ಒಮ್ಮೆ ಹಳೇ ಕೋರ್ಟಿನ ಚೌಕದಲ್ಲಿ ದೂರದಲ್ಲಿ ಹಸಿರು ಕೆಂಪು ಕಂಡದ್ದೇ ತಡ, "ಅಕೀನ ಅಕೀನ" ಅಂತ ಸೀರೆ ಎತ್ತಿ ಹಿಡಿದು ಓಡಿದಳು. ಹಿಂದಿನಿಂದ ಭುಜ ಮುಟ್ಟಿದರೆ, ಅದು ಕ್ರಿಸ್‌ಮಸ್ ಸ್ವೆಟರ್ ಹಾಕಿಕೊಂಡ ಒಬ್ಬ ಗಡ್ಡದ ತಾತ.

"ಸಾರಿ," ಅಂದಳು ಕಾಕು. ಆಮೇಲೆ ಅವನ ಸ್ವೆಟರನ್ನು ಮೇಲಿಂದ ಕೆಳಗೆ ನೋಡಿ, "ನೋ ಪಾಕೆಟ್," ಅಂತ ಸಂತಾಪ ಸೂಚಿಸಿ ಬಂದಳು.

ಚಳಿಗಾಲ ಮುಗಿಯುತ್ತ ಬಂತು. ಇನ್ನು ಜಾಕೆಟ್ ಹಾಕುವ ದಿನಗಳೇ ಇಲ್ಲ. "ಇದು ಕಡೀ ವಾರ," ಅಂದಳು ಕಾಕು. ಆ ಶನಿವಾರ ಬೆಳಿಗ್ಗೆ ರೈತರ ಸಂತೆಗೆ ಹೋದೆವು. ಕೊನೆಯ ಮೇಜಿನ ಹಿಂದೆ ಹ್ಯಾಟ್ ಹಾಕಿದ ಒಬ್ಬ ಎತ್ತರದ ಅಜ್ಜಿ ಪೆಕಾನ್ ಮಾರುತ್ತಿದ್ದಳು. ಪೆಕಾನ್ ಅಂದರೆ ಇಲ್ಲಿ ಮನೆಮನೆಯ ಹಿತ್ತಲಲ್ಲಿ ಬೆಳೆಯುವ, ಅಕ್ರೋಟಿನ ತಂಗಿಯಂಥ ಕಾಯಿ. ಕಾಕು ನನ್ನ ಮೊಣಕೈ ಹಿಡಿದು ನಿಂತುಬಿಟ್ಟಳು.

ಅದೇ ಜಾಕೆಟ್. ಆದರೆ ಅಯ್ಯೋ, ಅದರ ಅವಸ್ಥೆ! ಎರಡೂ ತೋಳುಗಳನ್ನು ಭುಜದ ಹತ್ತಿರ ಕತ್ತರಿಸಿ ಎಸೆಯಲಾಗಿತ್ತು. ಉಳಿದ ತುಂಡು ಖಣದಿಂದ ದಾರಗಳು ಜೋತಾಡುತ್ತಿದ್ದವು. ಬೆನ್ನಿಗೆ ಮಣ್ಣು, ಅಂಚಿಗೆ ಬಣ್ಣ, ಮುಂದಿನ ಕಿಸೆಯಲ್ಲಿ ಗಿಡ ಕತ್ತರಿಸುವ ಕತ್ತರಿ, ಕೋಳಿಗೆ ಹಾಕುವ ಕಾಳು, ಒಂದು ಸೇಬು. ಡಿಸೈನರ್ ಬಟ್ಟೆಯ ಮೇಲೆ ಇಂಥ ದೌರ್ಜನ್ಯವನ್ನು ನಾನು ಯಾವ ವಿಡಿಯೋದಲ್ಲೂ ನೋಡಿರಲಿಲ್ಲ. ಕಾಕುವಿನ ಎದೆ ಒಡೆಯಿತೆಂದು ತಿರುಗಿ ನೋಡಿದರೆ, ಅವಳ ಮುಖ ದೀಪದಂತಿತ್ತು.

"ತೋಳು ಕತ್ತರಿಸ್ಯಾಳ," ಅಂದಳು ಪಿಸುದನಿಯಲ್ಲಿ. "ದಾಕ್ಷಿಣ್ಯ ಇದ್ದಾಕಿ ಕತ್ತರಸ್ತಾಳೇನು? ತನ್ನದು ಅಂತ ತಿಳದಾಳವಾ. ದಿನಾ ಹಾಕ್ಕೋತಾಳ."

ತಾನೇ ಹೊಲಿದದ್ದೆಂದು ಹೇಳಬೇಡ ಅಂತ ನನಗೆ ತಾಕೀತು ಮಾಡಿ ಮೇಜಿನ ಹತ್ತಿರ ಹೋದಳು. ಏನೂ ಅರಿಯದವಳಂತೆ ಇಂಗ್ಲಿಷಿನಲ್ಲಿ ಕೇಳಿದಳು, "ಜಾಕೆಟ್ ಚೆನ್ನಾಗಿದೆ. ಎಲ್ಲಿಯದು?"

ಅಜ್ಜಿ ತನ್ನ ಎಳೆದೆಳೆದು ಮಾತಾಡುವ ಟೆಕ್ಸಸ್ ಇಂಗ್ಲಿಷಿನಲ್ಲಿ ಶುರುಮಾಡಿದಳು. ಹೂಸ್ಟನ್‌ನದು. ಕಿಸೆ ನೋಡಿ ತೆಗೆದುಕೊಂಡೆ. ತೋಳಿದ್ದರೆ ಕೋಳಿಗೂಡಿನ ತಂತಿಗೆ ಸಿಕ್ಕಿಕೊಳ್ಳುತ್ತಿತ್ತು, ಅದಕ್ಕೆ ಕತ್ತರಿಸಿದೆ. "ಒಂದು ವಿಚಿತ್ರ ಗೊತ್ತಾ? ಮನೆಗೆ ಬಂದು ನೋಡಿದರೆ ಕಿಸೆಯಲ್ಲಿ ಒಂದು ಹಿಡಿ ಅಕ್ಕಿ. ಒಂದು ಹಳದಿ ಬೇರು. ಮಗಳು ವಾಪಸ್ ಕೊಡು ಅಂದಳು. ನಾನು ಯೋಚಿಸಿದೆ, ಇದು ತಪ್ಪಿ ಬಿದ್ದದ್ದಲ್ಲ, ಯಾರೋ ಕೈಯಾರೆ ಇಟ್ಟದ್ದು. ಯಾರೋ ಗುರುತಿಲ್ಲದವರು ನನಗೆ ಒಳ್ಳೆಯದಾಗಲಿ ಅಂತ ಇಟ್ಟಿದ್ದಾರೆ. ನನ್ನ ಗಂಡ ಹೋಗಿ ಆಗಷ್ಟೇ ಸ್ವಲ್ಪ ದಿನವಾಗಿತ್ತು. ಅವತ್ತಿನಿಂದ ಈ ಕಿಸೆಯನ್ನ ನಾನು ಖಾಲಿ ಬಿಟ್ಟಿಲ್ಲ."

ಕಾಕು ಮೇಜಿಗೆ ಇನ್ನೊಂದು ಹೆಜ್ಜೆ ಹತ್ತಿರ ಹೋದಳು.

ಆಗ ಅಜ್ಜಿಯ ಕಣ್ಣು ಕಾಕುವಿನ ಜಾಕೆಟ್ಟಿನ ಮೇಲೆ ಬಿತ್ತು. "ಅರೆ, ನಿಮ್ಮ ಹತ್ತಿರವೂ ಇದೆ," ಅಂದವಳು ಮೇಜಿನ ಮೇಲೆ ಬಾಗಿ ನೋಡಿದಳು. "ನಿಮ್ಮದು ಖಾಲಿ ಇದೆಯಲ್ಲ. ಇದು ಸರಿಯಲ್ಲ." ಎರಡೂ ಕೈಯಿಂದ ಬುಟ್ಟಿಯ ಪೆಕಾನ್ ಬಾಚಿಕೊಂಡಳು.

ಕಾಕುವಿನ ಕೈಗಳು ತಾವಾಗಿಯೇ ಮೇಲೆದ್ದವು. ಕಿಸೆಯ ಕೆಂಪಂಚನ್ನು ಎರಡೂ ಕೈಯಿಂದ ಹಿಡಿದು, ಸೆರಗು ಚಾಚುವಂತೆ ಮುಂದೆ ಚಾಚಿ, ತಲೆ ತಗ್ಗಿಸಿದಳು. ಅಜ್ಜಿ ಒಂದು ಬೊಗಸೆ ಹಾಕಿದಳು. ಮತ್ತೊಂದು ಹಾಕಿದಳು. ಕಾಯಿಗಳು ಒಂದರ ಮೇಲೊಂದು ಬಿದ್ದ ಸದ್ದು ಕೇಳಿಸಿತು.

ಕಾಕಾ ಹೋದ ಮೇಲೆ ಇರ್ವಿಂಗ್‌ನಿಂದ ಹೂಸ್ಟನ್‌ವರೆಗೆ ನಮ್ಮವರ ಒಂದು ಮನೆಯಲ್ಲೂ ಕಾಕುವಿನ ಉಡಿ ತುಂಬಿರಲಿಲ್ಲ. ಯಾರೂ ಬೇಕೆಂದು ಬಿಟ್ಟವರಲ್ಲ. ಗಂಡ ಇಲ್ಲದವಳಿಗೆ ತುಂಬುವುದಿಲ್ಲ, ಅಷ್ಟೆ, ಮೊದಲಿನಿಂದ ಬಂದದ್ದು. ದೇವರ ಮುಂದೆ ಸೆರಗಿಗೆ ಬರುತ್ತಿದ್ದ ಖಣ ಹಿಂಬಾಗಿಲಲ್ಲಿ ಕಸದ ಚೀಲಕ್ಕೆ ಬರುತ್ತಿತ್ತು. ನಾನು ಪಕ್ಕದಲ್ಲೇ ನಿಂತು ನಗುತ್ತಿದ್ದೆ.

ಕಾರಿನಲ್ಲಿ ಕಾಕು ಸೀಟ್ ಬೆಲ್ಟನ್ನು ಕಿಸೆಯ ಮೇಲೆ ಬಾರದಂತೆ ಜರುಗಿಸಿಕೊಂಡಳು. ಎರಡೂ ಕೈಗಳನ್ನು ಅದರ ಕೆಳಗೆ ಆಸರೆ ಕೊಟ್ಟು ಕೂತಳು. ನಾನು ಕಾರು ಶುರುಮಾಡಿ, ಡಿಸೈನರ್ ಮೇಡಂ, ಈಗ ಪ್ಯಾರಿಸ್‌ಗೆ ಹೋಗೋಣವೇ ಅಂತ ಕೇಳಬೇಕೆಂದಿದ್ದೆ. ಕೇಳದೆ ಗಾಡಿ ಹೊರಡಿಸಿದೆ.

"ಸಾವಕಾಶ ಹೊಡಿ," ಅಂದಳು ಕಾಕು. "ಉಡಿ ತುಂಬೇದ."